ತೊಲೆಯ ಕೆಳಗೊಂದು ಕಂಬ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ, ಒಂದು ಕಾಲಕ್ಕೆ ನೇಕಾರರದಾಗಿದ್ದ ಹಳೆಯ ಮನೆಯೊಂದನ್ನು ನೋಡಲು ಹೋಗಿದ್ದೆ. ಮಗ್ಗದ ಕೋಣೆಗೂ ಪಡಸಾಲೆಗೂ ನಡುವಣ ಗೋಡೆಯನ್ನು ಕೆಡವಿ ಒಂದೇ ದೊಡ್ಡ ಕೋಣೆ ಮಾಡಿದ್ದರು. ಆಸರೆ ತಪ್ಪಿದ ಜಂತಿಗಳ ಕೆಳಗೆ ಒಂದು ತೊಲೆ. ತೊಲೆಯ ನಡುಮಧ್ಯಕ್ಕೆ ಹೊಸ ಸಾಗವಾನಿ ಕಂಬ. ಕಂಬವೇನೋ ನೆಟ್ಟಗೆ, ನುಣುಪಾಗಿ ನಿಂತಿತ್ತು. ಆದರೆ ಅದರ ತಲೆಗೂ ತೊಲೆಗೂ ನಡುವೆ ಬೆರಳು ತೂರುವಷ್ಟು ಸಂದು! ಹೊರಲೆಂದು ನಿಲ್ಲಿಸಿದ್ದು ಏನನ್ನೂ ಹೊತ್ತಿರಲಿಲ್ಲ. ಮನೆಯ ಮಕ್ಕಳು ಅದರ ಕೆಳಗೇ ಮಲಗುತ್ತಿದ್ದರು.

ನಮ್ಮ ಕಡೆಯ ಮಣ್ಣಿನ ಮಾಳಿಗೆಯ ಭಾರವನ್ನು ನಾವು ಲೆಕ್ಕ ಹಾಕುವುದಿಲ್ಲ. ಸೋರುವ ಕಡೆಗೆಲ್ಲ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕುತ್ತ ಬರುತ್ತೇವೆ. ಹಳೆಯದನ್ನು ತೆಗೆಯುವವರು ವಿರಳ. ನೂರು ಚದರ ಅಡಿಯ ಮೇಲೆ ಅರ್ಧ ಅಡಿ ಮಣ್ಣು ಕುಳಿತರೆ ಎರಡು ಟನ್ನಿಗೂ ಮಿಕ್ಕ ಭಾರವಾಗುತ್ತದೆ.

ಈ ಭಾರವನ್ನು ನೆಲಕ್ಕೆ ಮುಟ್ಟಿಸುವ ವಿದ್ಯೆ ಬಹು ಹಳೆಯದು. ತೆಕ್ಕಲಕೋಟೆ, ಬ್ರಹ್ಮಗಿರಿಗಳ ನವಶಿಲಾಯುಗದ ನೆಲೆಗಳಲ್ಲಿ ಮರ ಉಳಿದಿಲ್ಲ, ಕಂಬ ನೆಟ್ಟ ಕುಳಿಗಳು ಉಳಿದಿವೆ. ಮಣ್ಣಿನಲ್ಲಿ ಹೂತ ಮರ ಬುಡದಿಂದ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಆದುದರಿಂದಲೇ ನಮ್ಮ ಹಳೆಯ ಪಡಸಾಲೆಗಳಲ್ಲಿ ಕಂಬದ ಕಾಲಿಗೆ ಕಲ್ಲು. ಇನ್ನು ತಲೆಗೆ ಬೋದಿಗೆ. ಮರವು ತನ್ನ ಎಳೆಗಳ ಉದ್ದಕ್ಕೆ ಬಿದ್ದ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಅಡ್ಡಕ್ಕೆ ಬಿದ್ದುದನ್ನು ತಾಳದು. ಕಂಬದ ಮೊನೆ ನೇರವಾಗಿ ತೊಲೆಯನ್ನು ಒತ್ತಿದರೆ ಜಜ್ಜಿಹೋಗುವುದು ತೊಲೆಯೇ. ಬೋದಿಗೆ ಆ ಒತ್ತಡವನ್ನು ಎರಡೂ ಕಡೆಗೆ ಹಂಚುತ್ತದೆ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹೋದಾಗ ಕಂಬಗಳ ತಲೆಯನ್ನು ನೋಡಿರಿ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿ ಮರದ ಬಡಿಗನ ಬೋದಿಗೆಯನ್ನೇ ಕಲ್ಲಿನಲ್ಲಿ ಕಡೆದಿದ್ದಾನೆ.

ಕಂಬದ ಎತ್ತರಕ್ಕೂ ಒಂದು ಮಿತಿಯುಂಟು. 1744ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದಂತೆ, ತೆಳ್ಳಗಿನ ಕಂಬವೊಂದರ ಎತ್ತರವನ್ನು ಇಮ್ಮಡಿ ಮಾಡಿದರೆ ಬಾಗದೆ ಹೊರುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಕಮರಿಪೇಟೆಯ ಆ ಕಂಬ ದಪ್ಪವಾಗಿಯೇ ಇತ್ತು, ದೋಷ ಅಲ್ಲಿರಲಿಲ್ಲ.

ಮನೆಯವರು ಸಂದಿಗೆ ಬೆಣೆ ಬಡಿದರಾಯಿತು ಎಂದುಕೊಂಡಿದ್ದರು. ಕರೆಸಿದ ಮುದುಕ ಬಡಿಗ ಮೇಲೆ ನೋಡಲೇ ಇಲ್ಲ. ಕುಕ್ಕರಗಾಲಿನಲ್ಲಿ ಕುಳಿತು ನೆಲವನ್ನು ಕುಟ್ಟಿ ನೋಡಿದ.

“ಇಲ್ಲೆ ಮಗ್ಗದ ಕುಣಿ ಇತ್ತೇನ್ರಿ, ಯಜಮಾನ್ರ?”

ಇತ್ತು. ನೇಕಾರ ಕಾಲಿಳಿಬಿಟ್ಟು ಕೂಡುತ್ತಿದ್ದ ಕುಣಿಯನ್ನು ಕೆಡವಿದ ಗೋಡೆಯ ಮಣ್ಣಿನಿಂದಲೇ ತುಂಬಿ, ಮೇಲೆ ಫರಸಿ ಹಾಸಿ, ಅದರ ಮೇಲೆ ಕಂಬ ನಿಲ್ಲಿಸಿದ್ದರು. ಒಂದು ಮಳೆಗಾಲಕ್ಕೆ ಆ ಮಣ್ಣು ಕುಸಿದಿತ್ತು.

ತೊಲೆಗೆ ಎರಡೂ ಬದಿಯಲ್ಲಿ ತಾತ್ಕಾಲಿಕ ಆಸರೆ ಕೊಟ್ಟರು. ಮಾಳಿಗೆಯ ಮೇಲಿನ ಹಳೆಯ ಮಣ್ಣನ್ನು ಬುಟ್ಟಿಗಟ್ಟಲೆ ಇಳಿಸಿದರು. ಕುಣಿಯನ್ನು ಗಟ್ಟಿ ನೆಲದವರೆಗೆ ಅಗೆದು, ಕಲ್ಲು ಕಟ್ಟಿ ಮೇಲಕ್ಕೆ ತಂದರು. ಬಾಗಿದ ತೊಲೆಯನ್ನು ಒಮ್ಮೆಲೇ ನೆಟ್ಟಗೆ ಎತ್ತಲು ಮಾತ್ರ ಬಡಿಗ ಒಪ್ಪಲಿಲ್ಲ. ವರ್ಷಗಟ್ಟಲೆ ಬಾಗಿ ನಿಂತ ಮರವನ್ನು ಬಲವಂತಪಡಿಸಿದರೆ ಗೋಡೆ ಬಿರಿಯುತ್ತದೆ ಎಂದ. ಇದ್ದ ಬಾಗಿಗೇ ಹೊಂದಿಸಿ ಬೋದಿಗೆ ಕೆತ್ತಿದ. ಆ ಕುಣಿಯಿಂದ ತೆಗೆದ ಮಣ್ಣಿನಲ್ಲಿ ಲಾಳಿಯೊಂದು ಸಿಕ್ಕಿತು. ಮನೆಯ ಹಿರಿಯರು ಅದನ್ನು ಒರೆಸಿ ದೇವರ ಗೂಡಿನಲ್ಲಿ ಇಟ್ಟರು.