ಧ್ವನಿಗ್ರಾಹಕದ ಆದಿಮಾನ

ಗಂಜಾಮಿನಲ್ಲಿ ಕಾವೇರಿಯ ದಡದ ಮೇಲಿರುವ ನಿಮಿಷಾಂಬಾ ದೇವಾಲಯದ ಸನ್ನಿಧಿಯಲ್ಲಿ ವೇದಪಾರಾಯಣವನ್ನು ಗಣಕಯಂತ್ರಕ್ಕೆ ಮುದ್ರಿಸಿಕೊಳ್ಳಬಯಸುವವನು ಯಾವ ಗುಂಡಿಯನ್ನೂ ಮುಟ್ಟುವ ಮೊದಲೇ ಮೈಕ್ರೋಫೋನಿನ ಧ್ವನಿಪ್ರಮಾಣವನ್ನು ಬೇರೊಬ್ಬರು ಗೊತ್ತುಮಾಡಿರುತ್ತಾರೆ. ಧ್ವನಿಯಂತ್ರಕ್ಕೂ ಗಣಕಕ್ಕೂ ನಡುವೆ ನಿಂತು ಆಜ್ಞೆಗಳನ್ನು ಮುಟ್ಟಿಸುವ ಡ್ರೈವರೆಂಬ ಕ್ರಮವಿಧಿಯನ್ನು ಬರೆದವರೇ ಅವರು. ಈ ಆದಿಮಾನವು ಮಿತಿಮೀರಿದ್ದರೆ ಉಚ್ಚಧ್ವನಿಯ ಶಿಖರಗಳು ಕತ್ತರಿಸಿಹೋಗುವುವು. ಹದಿನಾರು ಬಿಟ್ಟಿನ ಮುದ್ರಣದಲ್ಲಿ ೩೨,೭೬೭ಕ್ಕೆ ಮೇಲೆ ಅಂಕವೇ ಇಲ್ಲವಾದುದರಿಂದ ಹೀಗೆ ಹೋದುದನ್ನು ಯಥಾವತ್ತಾಗಿ ಮರಳಿಸಲಾಗದು. ಮಾನವು ತೀರ ಕಡಮೆಯಾದರೆ ಮೆಲುದನಿಯು ಯಂತ್ರದ ಮೊರೆತದಲ್ಲಿ ಮುಳುಗುವುದು. ಪಾಠಶುದ್ಧಿಯನ್ನು ಬಯಸುವವರಿಗೆ ಇದು ಲಿಪಿಕಾರನ ಲೋಪಕ್ಕಿಂತ ಕಿರಿದಾದ ದೋಷವಲ್ಲ.

ತೈತ್ತಿರೀಯ ಪ್ರಾತಿಶಾಖ್ಯವು ವಾಕ್ಕಿಗೆ ಉಪಾಂಶು ಮೊದಲಾಗಿ ತಾರದವರೆಗೆ ಏಳು ಸ್ಥಾನಗಳನ್ನು ಹೇಳುತ್ತದೆ. ಅಲ್ಲಿ ಸ್ಥಾನವನ್ನು ಆರಿಸತಕ್ಕವನು ಉಚ್ಚರಿಸುವವನೇ. ೧೯೩೫ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ೩೦ ವಾಟಿನ ಆಕಾಶವಾಣಿಯನ್ನು ಆರಂಭಿಸಿದ ಕಾಲಕ್ಕೆ, ಬಾನುಲಿಯ ರೂಢಿಯಲ್ಲಿ ಈ ಅಧಿಕಾರವು ಯಂತ್ರದ ಬಳಿ ಕುಳಿತು ಕೇಳುವವನ ಕೈಗೆ ಬಂದಿದ್ದಿತು. ೧೯೩೯ರಲ್ಲಿ ಅಮೆರಿಕೆಯ ಬಾನುಲಿ ಸಂಸ್ಥೆಗಳೂ ಬೆಲ್ ಪ್ರಯೋಗಶಾಲೆಯೂ ಕೂಡಿ ವಿ.ಯು. ಮಾಪಕವನ್ನು ಬಳಕೆಗೆ ತಂದುದರಿಂದ ಕಿವಿಗೆ ಕಣ್ಣಿನ ನೆರವೂ ಒದಗಿತು.

ಗಣಕದಲ್ಲಿ ಆ ಕೈ ಇಲ್ಲ. ಆದುದರಿಂದ ಇಂಟೆಲ್ ಸಂಸ್ಥೆಯ ಎ.ಸಿ. ೯೭ ನಿಯಮಾವಳಿಯು ಆರಂಭದ ಸ್ಥಿತಿಯನ್ನು ಅಂಕದಲ್ಲಿಯೇ ವಿಧಿಸಿತು. ಮೈಕ್ರೋಫೋನಿನ ಕೋಷ್ಠದಲ್ಲಿ ಯಂತ್ರವು ಎಚ್ಚೆತ್ತಾಗ ಇರುವುದು ಷೋಡಶಮಾನದ ೮೦೦೮. ಅಂದರೆ ಮಾನವು ಸೊನ್ನೆ ಡೆಸಿಬೆಲ್, ಆದರೆ ಬಾಯಿಗೆ ಬೀಗ. ಮೈಕ್ರೋಫೋನೂ ಧ್ವನಿವರ್ಧಕವೂ ಹತ್ತಿರವಿದ್ದರೆ ಒಂದರ ಸದ್ದು ಇನ್ನೊಂದನ್ನು ಹೊಕ್ಕು ಕಿರಿಚಾಟವೇಳುವುದಾದ್ದರಿಂದ ಈ ಮೌನವು ಯುಕ್ತವೇ ಸರಿ. ಆದರೆ ಇಲ್ಲೊಂದು ನಾಮಸಂಕರವಿದೆ. ೧.೫ ಡೆಸಿಬೆಲಿನ ೩೨ ಮೆಟ್ಟಿಲುಗಳುಳ್ಳ ಈ ಕೋಷ್ಠವು ಮೈಕ್ರೋಫೋನಿನ ಸದ್ದನ್ನು ಧ್ವನಿವರ್ಧಕಕ್ಕೆ ಕಳುಹಿಸುವ ಮಾರ್ಗದ್ದು; ಮುದ್ರಣದ ಮಾನವು ೦ ಇಂದ ೨೨.೫ ಡೆಸಿಬೆಲಿನವರೆಗೆ ಏರುವ ಬೇರೊಂದು ಕೋಷ್ಠದಲ್ಲಿದೆ. ಎರಡನ್ನೂ ಜನರು ‘ಮೈಕಿನ ಮಟ್ಟ’ವೆಂದೇ ಕರೆವರು. ಮುದ್ರಣವನ್ನು ಹೆಚ್ಚಿಸಬೇಕೆಂದು ಮೊದಲನೆಯದನ್ನು ಏರಿಸಿದವನಿಗೆ ಕಿರಿಚಾಟ ಮಾತ್ರ ದಕ್ಕುವುದು. ಇದಲ್ಲದೆ ೨೦ ಡೆಸಿಬೆಲಿನ ಉತ್ಕರ್ಷವೊಂದುಂಟು. ಅದು ವಿಸ್ತಾರವನ್ನು ಹತ್ತರಷ್ಟು ಮಾಡುವುದು. ಡ್ರೈವರು ಅದನ್ನು ಮೊದಲಿಗೇ ತೆರೆದಿಡುವುದು ಪಾರಾಯಣದಂಥ ತುಂಬುಕಂಠಕ್ಕೆ ಅನರ್ಥಕರ.

೨೦೦೪ರ ಹೊಸ ನಿಯಮಾವಳಿಯಲ್ಲಿ ತನ್ನ ಮೆಟ್ಟಿಲುಗಳೆಷ್ಟು, ಸೊನ್ನೆಯ ಮೆಟ್ಟಿಲು ಯಾವುದು ಎಂಬುದನ್ನು ಧ್ವನಿಯಂತ್ರವೇ ಡ್ರೈವರಿಗೆ ಅರುಹುತ್ತದೆ. ಆದಕಾರಣ ಊಹೆಗೆ ಎಡೆ ತಗ್ಗಿತು. ೨೦೦೨ರಲ್ಲಿ ಲೀನಕ್ಸ್ ಕರ್ನೆಲಿನ ಅಭಿವೃದ್ಧಿಶಾಖೆಯನ್ನು ಸೇರಿದ ಅಲ್ಸಾ ಎಂಬ ವ್ಯವಸ್ಥೆಯು ಮೌನದ ಪಕ್ಷವನ್ನೇ ಹಿಡಿಯಿತು. ಧ್ವನಿಯೇ ಹೊರಡದೆ ಹಲವರು ಬೆರಗಾದರು. ಆದರೂ ಅದರ ಜೊತೆಗಿರುವ ಅಲ್ಸಾಕ್ಟಲ್ ಎಂಬ ಸಾಧನವು ಬಳಸುವವನು ಕಡೆಗೆ ಇರಿಸಿದ ಮಾನವನ್ನು ಕಡತದಲ್ಲಿ ಬರೆದಿಟ್ಟು, ಮುಂದಿನ ಸಲ ಯಂತ್ರವು ಎದ್ದಾಗ ಅದನ್ನೇ ಮರಳಿ ಸ್ಥಾಪಿಸುವುದು.