'ಗೊಬ್ಬರವಾಗುವ' ಚೀಲ: ಒಂದು ಅನುವಾದದ ಚರಿತ್ರೆ
ಕಾಸರಗೋಡಿನ ನಮ್ಮ ಮನೆಯ ಗೊಬ್ಬರಗುಂಡಿಗೆ ಅಜ್ಜಿ ಒಂದು ಚೀಲ ಹಾಕಿದ್ದರು. ಮೇಲೆ ಇಂಗ್ಲಿಷಿನಲ್ಲಿ 'ಕಂಪೋಸ್ಟಬಲ್' ಅಂತಿತ್ತು. 'ಗೊಬ್ಬರವಾಗುವ' ಅಂತ ಓದಿ ಹೇಳಿದವ ನಾನೇ. ಆರು ತಿಂಗಳ ಮೇಲೆ ಅಡಿಕೆಬುಡಕ್ಕೆ ಗೊಬ್ಬರ ಹೊರುವಾಗ ಹಾಳೆತಟ್ಟೆಗಳು ಕರಗಿದ್ದವು, ಚೀಲ ಹಾಗೇ ಇತ್ತು. "ನೀನು ಸರಿಯಾಗಿ ಓದಿದ್ದಾ ಮಗಾ?" ಅಂದರು.

ಯುರೋಪಿನ ಇಎನ್ 13432 ಮಾನಕ ಬಂದದ್ದು 2000ದಲ್ಲಿ. ಐಎಸ್‌ಒ 17088 ಬಂದದ್ದು 2008ರಲ್ಲಿ. ಭಾರತವೂ ಅದನ್ನೇ ತೆಗೆದುಕೊಂಡಿತು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಇಂಥ ಚೀಲಗಳಿಗೆ ಅದನ್ನು ಕಡ್ಡಾಯ ಮಾಡಿದವು. ಪರೀಕ್ಷೆ ನಡೆಯೋದು ಸುಮಾರು 58 ಡಿಗ್ರಿ ಶಾಖದಲ್ಲಿ. 180 ದಿನದೊಳಗೆ ಶೇ. 90ರಷ್ಟು ಇಂಗಾಲ ಅನಿಲವಾಗಬೇಕು. ಇದು ದೊಡ್ಡ ಘಟಕದ ಲೆಕ್ಕ. ನಮ್ಮ ಸೊಪ್ಪು-ಸೆಗಣಿಯ ಗುಂಡಿಯಲ್ಲಿ ಅಷ್ಟು ಶಾಖ ತಿಂಗಳುಗಟ್ಟಲೆ ನಿಲ್ಲುವುದಿಲ್ಲ.

ಅಜ್ಜಿಗೆ ಗೊಬ್ಬರ ಅಂದರೆ ಹಟ್ಟಿಯದ್ದು. ಮಾನಕ ಸುಳ್ಳು ಹೇಳಿರಲಿಲ್ಲ, ನನ್ನ ಕನ್ನಡ ಹೇಳಿತ್ತು. ಈಗ ನಾನು 'ಘಟಕದಲ್ಲಿ ಗೊಬ್ಬರವಾಗುವ' ಅಂತ ಬರೀತೇನೆ, ಉದ್ದವಾದರೂ.