ರೊಟ್ಟಿ ನಮ್ಮದು, ಪ್ಯಾಕೆಟ್ ಮೇಲಿನ ಹೆಸರು ಯಾರದು?

ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾಡಿ ಮಾರಲು ಹೊರಟ ಪುರ್ತಗೇರಿಯ ಹೆಣ್ಣುಮಗಳಿಗೂ ಪೇಟೆಯ ಅಂಗಡಿಯಲ್ಲಿ ಎದುರಾಗುವ ಪ್ರಶ್ನೆ ಒಂದೇ: "ನಂಬರ್ ಐತೇನವ್ವಾ?" ಅದು ಆಹಾರ ಸುರಕ್ಷತೆಯ 14 ಅಂಕಿಯ ನೋಂದಣಿ ಸಂಖ್ಯೆ. ಇಲ್ಲವೆಂದರೆ ಮಾಲು ಬಿಡಿಯಾಗಿ, ಕಡಿಮೆ ದರಕ್ಕೆ ಹೋಗುತ್ತದೆ. ಆಮೇಲೆ ಅದು ಯಾರ ಪ್ಯಾಕೆಟ್ ಸೇರುತ್ತದೋ ಅವರದೇ ಹೆಸರು.

ಈ ನಂಬರ್ ಬಹಳ ಹಳೆಯದಲ್ಲ. 1956ರವರೆಗೆ ರೋಣ ಸೀಮೆ ಮುಂಬೈ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಆ ರಾಜ್ಯಕ್ಕೆ 1925ರದೊಂದು ಕಲಬೆರಕೆ ತಡೆ ಕಾಯ್ದೆ ಇತ್ತು. ಸ್ವಾತಂತ್ರ್ಯದ ನಂತರ ಇಡೀ ದೇಶಕ್ಕೆ 1954ರ ಕಾಯ್ದೆ ಬಂತು, 1955ರ ಜೂನ್ 1ರಿಂದ ಜಾರಿಯಾಯಿತು. ಇನ್‌ಸ್ಪೆಕ್ಟರ್ ಸ್ಯಾಂಪಲ್ ಒಯ್ಯುವುದು, ಪ್ರಯೋಗಾಲಯ ವರದಿ ಕೊಡುವುದು, ತಪ್ಪಿದ್ದರೆ ಕೋರ್ಟು. 1976ರ ತಿದ್ದುಪಡಿಯ ಬಳಿಕ ಹಲವು ಅಪರಾಧಗಳಿಗೆ ಕನಿಷ್ಠ ಆರು ತಿಂಗಳ ಜೈಲು. ಡಾಲ್ಡಾ ಬೆರೆಸಿ ತುಪ್ಪ ಮಾರುವ ಸಾವುಕಾರನನ್ನೂ ಬುಟ್ಟಿಯಲ್ಲಿ ಚಟ್ನಿಪುಡಿ ಹೊತ್ತು ತರುವ ಅಜ್ಜಿಯನ್ನೂ ಅದು ಒಂದೇ ಕಣ್ಣಿನಿಂದ ನೋಡಿತು. ಉಪ್ಪಿನಕಾಯಿ ಮಾರಲು 1955ರ ಹಣ್ಣಿನ ಉತ್ಪನ್ನಗಳ ಆದೇಶದಡಿ ಬೇರೆಯೇ ಲೈಸೆನ್ಸ್ ಬೇಕಿತ್ತು.

ಆ ಕಾಲದಲ್ಲೇ ಒಂದು ದಾರಿ ಹುಡುಕಿದವರು ಮುಂಬೈಯ ಗಿರ್‌ಗಾಂವ್‌ನ ಏಳು ಹೆಣ್ಣುಮಕ್ಕಳು. 1959ರಲ್ಲಿ 80 ರೂಪಾಯಿ ಸಾಲ ತಂದು ಹಪ್ಪಳ ಶುರುಮಾಡಿದರು. ಅದೇ ಲಿಜ್ಜತ್. ಹಿಟ್ಟು ಒಂದೇ ಕಡೆ ಕಲಸುತ್ತಾರೆ, ಹಪ್ಪಳ ಲಟ್ಟಿಸುವುದು ಅವರವರ ಮನೆಯಲ್ಲಿ, ಹೆಸರು ಎಲ್ಲರದೂ ಒಂದೇ. ಸಂಘ ಕಟ್ಟದೆ ಒಬ್ಬಳೇ ಮಾರುವವಳಿಗೆ ಮಾತ್ರ ಅಂಥ ಆಸರೆ ಇರಲಿಲ್ಲ.

ಅವಳನ್ನು ಬೇರೆಯಾಗಿ ಗುರುತಿಸಿದ್ದು 2006ರ ಆಹಾರ ಸುರಕ್ಷತೆ ಕಾಯ್ದೆ. ತಾನೇ ತಯಾರಿಸಿ ಮಾರುವ ಸಣ್ಣವರಿಗೆ, ತಿರುಗಿ ಮಾರುವವರಿಗೆ, ಗುಡಿ ಕೈಗಾರಿಕೆಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು ಎಂದಿತು ಅದರ 31ನೇ ಕಲಂ. ನಿಯಮಗಳು ಜಾರಿಯಾಗಿದ್ದು 2011ರ ಆಗಸ್ಟ್ 5ರಂದು. ಅದರಲ್ಲಿ ಹಾಕಿದ ಗೆರೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು. ನೋಂದಣಿ ಶುಲ್ಕ ವರ್ಷಕ್ಕೆ 100 ರೂಪಾಯಿ. (ಅರ್ಜಿ ಹಾಕುವಾಗ ಈಗಿನ ಮಿತಿ, ಶುಲ್ಕ ನೋಡಿಕೊಳ್ಳಿ. ಏಜೆಂಟರು ಸಾವಿರಗಟ್ಟಲೆ ಕೇಳಿದರೆ ಈ ನೂರು ನೆನಪಿರಲಿ.)

ಆ ನಿಯಮದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇನ್ನೊಂದು ಸಾಲು. ಅರ್ಜಿ ಕೊಟ್ಟ ಏಳು ದಿನದಲ್ಲಿ ಅಧಿಕಾರಿ ನೋಂದಣಿ ಕೊಡಬೇಕು, ಕಾರಣ ಬರೆದು ನಿರಾಕರಿಸಬೇಕು, ಇಲ್ಲವೇ ತಪಾಸಣೆಗೆ ನೋಟಿಸ್ ಕೊಡಬೇಕು. 30 ದಿನ ಕಳೆದರೂ ಏನೂ ಹೇಳದಿದ್ದರೆ ನೀವು ವ್ಯಾಪಾರ ಶುರುಮಾಡಬಹುದು. ಸುಮ್ಮನೆ ಕೂತ ಕಚೇರಿಯಿಂದ ಬಡವರ ಒಲೆ ಆರಬಾರದೆಂದು ಬರೆದ ಮಾತಿದು. ಆದರೂ ಅರ್ಜಿ ಆನ್‌ಲೈನ್ ಆದಮೇಲೆ ಅನೇಕರಿಗೆ ಪಕ್ಕದ ಮನೆಯ ಕಾಲೇಜು ಹುಡುಗಿಯೇ ಗತಿ.

ಅಡುಗೆಮನೆಗೆ ಕೇಳುವುದು ಹೊಸದೇನಲ್ಲ: ಕುಡಿಯಲು ಯೋಗ್ಯ ನೀರು, ಮುಚ್ಚಿದ ಪಾತ್ರೆ, ಕತ್ತರಿಸಿದ ಉಗುರು, ಜ್ವರ-ಭೇದಿ ಇದ್ದವರು ಹಿಟ್ಟು ಮುಟ್ಟದಿರುವುದು. ಪ್ಯಾಕೆಟ್ ಮಾಡಿದರೆ ಅದರ ಮೇಲೆ ಏನೇನು ಹಾಕಿದ್ದೀರಿ, ತೂಕ, ಬೆಲೆ, ತಯಾರಿಸಿದ ದಿನ, ಎಲ್ಲಿಯವರೆಗೆ ತಿನ್ನಬಹುದು, ಸಸ್ಯಾಹಾರದ ಹಸಿರು ಗುರುತು, ಆ ನಂಬರ್. ಶೇಂಗಾ ಇದ್ದರೆ ಅದನ್ನು ಎದ್ದು ಕಾಣುವಂತೆ ಹೇಳಬೇಕು. ಕೆಲವರಿಗೆ ಅದು ಜೀವಕ್ಕೇ ಮುಳುವು.

ಇನ್ನು ಹೆಸರು. ತಯಾರಿಸಿದ ಜಾಗ, ಪ್ಯಾಕ್ ಮಾಡಿದ ಜಾಗ ಬೇರೆ ಬೇರೆ ಇದ್ದರೆ ಎರಡರ ಹೆಸರು, ವಿಳಾಸವೂ ಇರಬೇಕು ಎನ್ನುತ್ತಿತ್ತು 2011ರ ಲೇಬಲ್ ನಿಯಮ. ನೋಂದಣಿಯೇ ಇಲ್ಲದವಳ ಹೆಸರನ್ನು ಯಾವ ವ್ಯಾಪಾರಿಯೂ ಅಲ್ಲಿ ಅಚ್ಚು ಹಾಕಿಸುವುದಿಲ್ಲ.